ಗುಡ್ಡ ಸುತ್ತಿದ ಉಡಿ

ಮುಂಡರಗಿಯ ಬಸ್‌ಸ್ಟ್ಯಾಂಡು ಹಿಂದೆ ಬಿತ್ತು. ಪಂಚರ್ ಅಂಗಡಿ ಹಿಂದೆ ಬಿತ್ತು, ಊರ ಕಡೆಯ ಬೇವಿನ ಮರವೂ ಹಿಂದೆ ಬಿತ್ತು. ಮೇಘಾಳ ತೊಡೆಯ ಮೇಲೆ ಕೂತಿದ್ದ ಉಡಿ ಮಾತ್ರ ಎಲ್ಲಿಯೂ ಬೀಳದೆ, ತಾನೇ ಈ ಗಾಡಿಯ ಒಡತಿ ಅನ್ನುವ ಹಾಗೆ ಗಟ್ಟಿಯಾಗಿ ಕೂತೇ ಇತ್ತು.

ಸೆರಗಿನೊಳಗೆ ಅಕ್ಕಿ, ಒಣಕೊಬ್ಬರಿ ಬಟ್ಟಲು, ಅರಿಶಿಣ ಬೇರು, ಉತ್ತತ್ತಿ, ಬೆಲ್ಲದ ಅಚ್ಚು, ಒಂದು ಖಣ. ಇಷ್ಟೇ ಆಗಿದ್ದರೆ ಚಿಂತೆ ಇರಲಿಲ್ಲ. ಮನೆಗೆ ಬಂದ ಹೆಣ್ಣುಮಗಳನ್ನು ಬರಿ ಉಡಿಯಲ್ಲಿ ಕಳಿಸಬಾರದೆಂದು ಯಾರ ಮನೆಯಲ್ಲಾದರೂ ತುಂಬುತ್ತಾರೆ. ಆದರೆ ಆ ಅಕ್ಕಿಯ ನಡುವೆ, ಹೊಕ್ಕುಳಿಗೆ ಚುಚ್ಚುತ್ತ, ಒಂದು ಕಂಡಿಕಿ ಇತ್ತು.

ಕಂಡಿಕಿ ಅಂದರೆ ಏನು ಮಹಾ, ಲಾಳಿಯೊಳಗೆ ಕೂಡಿಸುವ ನೂಲು ಸುತ್ತಿದ ಕಡ್ಡಿ. ಬೆಟಗೇರಿಯ ನೇಕಾರ ಓಣಿಯಲ್ಲಿ ಅವು ಕಾಲಿಗೆ ತೊಡರುವಷ್ಟು ಬಿದ್ದಿರುತ್ತವೆ. ಆದರೆ ಮೇಘಾಳ ಬಳಗದಲ್ಲಿ ಗಂಡಿನ ತಾಯಿ ಹೆಣ್ಣಿನ ಉಡಿಗೆ ರೇಷ್ಮೆಯ ಕಂಡಿಕಿ ಹಾಕಿದಳೆಂದರೆ, ನಿಮ್ಮ ಹುಡುಗಿ ನಮಗೆ ಬೇಕು ಎಂದು ಕೇಳಿದ ಹಾಗೆ. ಹುಡುಗಿ ಆಗಲೇ ಸೆರಗು ಹಿಂದಕ್ಕೆ ಎಳೆದುಕೊಂಡರೆ ಒಲ್ಲೆ ಎಂದು ಅರ್ಥ. ಯಾರೂ ಸಿಟ್ಟಾಗುವುದಿಲ್ಲ, ಚಹಾ ಕುಡಿದು ಎದ್ದು ಬರುತ್ತಾರೆ. ಎಳೆದುಕೊಳ್ಳದಿದ್ದರೆ, ಆ ಉಡಿಯನ್ನು ನೆಲಕ್ಕೆ ಕಾಲೂರದೆ ತವರಿಗೆ ಒಯ್ದು, ಮಗ್ಗದ ಮುಂದೆ ಬಿಚ್ಚಿ, ಆ ಕಂಡಿಕಿಯನ್ನು ಲಾಳಿಗೆ ಹಾಕಿ ಒಂದೇ ಒಂದು ಎಳೆ ನೇಯಬೇಕು. ನೇಯ್ದ ಎಳೆಯನ್ನು ಬಿಚ್ಚಿ ತೆಗೆದವರು ಅವರ ಬಳಗದಲ್ಲಿ ಯಾರೂ ಇಲ್ಲ. ಅಲ್ಲಿಗೆ ಮದುವೆ ನಿಕ್ಕಿ. ಹಾದಿಯಲ್ಲೇ ಕಾಲು ನೆಲಕ್ಕೆ ತಾಗಿತೋ, ಮಾತು ಮುರಿಯಿತು. ಕಂಡಿಕಿಯನ್ನು ಕೊಟ್ಟವರ ಕೈಗೇ ಹುಡುಗಿ ತಿರುಗಿ ಕೊಡಬೇಕು. ಹಾಗೆ ಆದದ್ದನ್ನು ಯಾರೂ ಕಂಡಿರಲಿಲ್ಲ, ಹೆದರಿಸಲು ಹೇಳುತ್ತಿದ್ದರು, ಅಷ್ಟೇ.

ಅದಕ್ಕೇ ಮೇಘಾಳ ಚಪ್ಪಲಿ ಈಗ ಗಾಡಿಯ ಡಿಕ್ಕಿಯಲ್ಲಿದ್ದವು. ಹುಡುಗನ ಮನೆಯವರ ಸೀರೆ ಅಂಗಡಿಯ ಬಾಗಿಲಿಗೆ ಗಾಡಿ ತಂದು, ನಡುವೆ ಜಮಖಾನೆ ಹಾಸಿ, ಆಕೆಯನ್ನು ಒಳಗೆ ಕೂಡಿಸಿದ್ದರು.

ಸೆರಗು ಯಾಕೆ ಎಳೆದುಕೊಳ್ಳಲಿಲ್ಲ ಅಂತ ಕೇಳಿದರೆ ಮೇಘಾ ಏನು ಹೇಳಿಯಾಳು? ಆಕೆ ಆ ಹೊತ್ತಿಗೆ ಅಲ್ಲಿ ಇರಲೇ ಇಲ್ಲ. ಅಂದರೆ ಮೈ ಇತ್ತು, ಸೆರಗೂ ಒಡ್ಡಿತ್ತು. ಜೀವ ಮಾತ್ರ ಕಿಟಕಿಯ ಹತ್ತಿರ ಹೋಗಿತ್ತು. ಕೆಳಗೆ ಸೀರೆ ಅಂಗಡಿ, ಮೇಲೆ ಮನೆ. ಮೇಲಿನ ಪಡಸಾಲೆಗೆ ಇದ್ದದ್ದು ಒಂದೇ ಕಿಟಕಿ. ಅದರ ತುಂಬ ಅಂಗಡಿಯ ಬೋರ್ಡಿನ ಬೆನ್ನು. ಜಂಗು ಹಿಡಿದ ತಗಡು, ಕಟ್ಟಿಗೆಯ ಪಟ್ಟಿ, ಒಂದು ಪಾರಿವಾಳದ ಗೂಡು. ಹೊರಗೆ ಪೇಟೆಯ ಸದ್ದು ಕೇಳುತ್ತಿತ್ತು, ಪೇಟೆ ಕಾಣುತ್ತಿರಲಿಲ್ಲ.

ಹುಡುಗನ ತಾಯಿ ದೇವವ್ವ ಹೆಮ್ಮೆಯಿಂದಲೇ ಹೇಳಿದ್ದರು. "ನಮ್ಮ ಮನಿ ಸೊಸೆಂದ್ರು ಒಮ್ಮೆ ಮ್ಯಾಲ ಹತ್ತಿದ್ರ ಆತು ನೋಡವಾ, ಕೆಳಗ ಇಳಿಯೂ ಜರೂರ ಇಲ್ಲ. ನೀರು, ಕಾಯಿಪಲ್ಯೆ, ಸಿಲಿಂಡರ್, ಎಲ್ಲಾ ಮ್ಯಾಲ ಬರತೈತಿ. ನಾ ಪ್ಯಾಟಿ ನೋಡಿ ಎಷ್ಟ ವರ್ಷ ಆತೋ ನನಗ ನೆನಪs ಇಲ್ಲ."

ಹುಡುಗ ಶಿವಯೋಗಿ ಕೆಟ್ಟವನಲ್ಲ. ತಲೆ ಬಗ್ಗಿಸಿ ಕೂತಿದ್ದವನು ಒಂದೇ ಮಾತು ಆಡಿದ್ದ: "ಗಾಳಿ ಕಡಿಮಿ ಐತಿ ಅಂತ ಅನಸತೈತೇನ್ರಿ? ದೀಪಾವಳಿಗೆ ಎಸಿ ಹಾಕಸ್ತೇವಿ."

ಮೇಘಾ ತಗಡಿನ ತೂತೊಂದರಿಂದ ಬರುತ್ತಿದ್ದ ಬಿಸಿಲಿನ ಕೋಲನ್ನು ನೋಡುತ್ತ, ಈ ಕೋಲು ಹಿಡಿದು ಇಳಿದರೆ ಕೆಳಗೆ ಯಾವ ಅಂಗಡಿ ಸಿಗಬಹುದು, ಬಳೆಯದೋ ಬಾಳೆಹಣ್ಣಿನದೋ ಎಂದು ಲೆಕ್ಕ ಹಾಕುತ್ತಿದ್ದಳು. ಉಡಿ ಭಾರವಾದಾಗ ಎಚ್ಚರಾಯಿತು. ಅಷ್ಟರಲ್ಲಿ ಅಪ್ಪನ ಮುಖ ಅರಳಿ ಹೋಗಿತ್ತು.

ಈಗ ಮುಂಡರಗಿಯಿಂದ ಗದಗಿಗೆ ಸೀದಾ ರಸ್ತೆ. ಡಂಬಳ ದಾಟಿದರೆ ಗದಗ, ಗದಗಿಗೆ ಅಂಟಿಕೊಂಡೇ ಬೆಟಗೇರಿ. ಒಂದು ನಿದ್ದೆ ಮುಗಿಯುವುದರೊಳಗೆ ಮನೆ. ಮನೆಯ ಬಾಗಿಲಲ್ಲಿ ಅವ್ವ ಚೌಡವ್ವ ಆರತಿ ತಾಟು ಹಿಡಿದು, ಓಣಿಯ ಹೆಂಗಸರನ್ನೆಲ್ಲ ಕರೆದು ಕಾಯುತ್ತಿದ್ದಳು. ಬಾಗಿಲಿಗೆ ಎದುರಾಗಿಯೇ ಮಗ್ಗ. ಅಲ್ಲಿ ಮಾತಿಗೆ ಜಾಗವೇ ಇಲ್ಲ. ಹೇಳುವುದಿದ್ದರೆ ಹಾದಿಯಲ್ಲೇ ಹೇಳಬೇಕು. ಬಾಯಿ ಮಾತ್ರ ಹೊಲಿದು ಹೋಗಿತ್ತು. ಮಾತು ಬರುವ ತನಕ ಹಾದಿಯನ್ನಾದರೂ ಉದ್ದ ಮಾಡಿಕೊಳ್ಳೋಣ ಅನ್ನಿಸಿತು ಮೇಘಾಳಿಗೆ.

"ಕಾಕಾ," ಎಂದಳು ಮೆಲ್ಲಗೆ. "ಗುಡ್ಡದ ಮ್ಯಾಲ ಮಂಜ ಬಿದ್ದೈತಂತ. ಶ್ರಾವಣದಾಗ ಒಮ್ಮಿನೂ ನೋಡಿಲ್ಲ ನಾವು."

ಗಾಡಿ ನಡೆಸುತ್ತಿದ್ದವನು ಅಪ್ಪನ ತಮ್ಮ ಆನಂದ. ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡಾಗಿನಿಂದ ಅವನಿಗೆ ಸೀದಾ ರಸ್ತೆ ಕಂಡರೆ ಬೇಸರ. ಮೊಬೈಲನ್ನು ಗಾಜಿಗೆ ಅಂಟಿಸಿ ತಿರುವು ಮುರುವುಗಳ ವಿಡಿಯೋ ಮಾಡಿ ಹಾಕುವ ಹುಚ್ಚು.

"ಖರೆ ಅಂದಿ ನೋಡವಾ! ಡಂಬಳದಾಗ ಹೊಳ್ಳಿದ್ರ ಡೋಣಿ. ಡೋಣಿಯಿಂದ ಕಪ್ಪತಗುಡ್ಡ ಹತ್ತಿ, ಆ ಕಡೆ ಕಡಕೋಳಕ್ಕ ಇಳದು, ಶಿರಹಟ್ಟಿ, ಸೊರಟೂರ ಹಾದು ಗದಗ. ಹಸರ ಅಂದ್ರ ಹಸರು!"

ಮುಂದಿನ ಸೀಟಿನಲ್ಲಿದ್ದ ಅಪ್ಪ ವೆಂಕಪ್ಪ ಹಿಂತಿರುಗಿ ಉಡಿಯ ಕಡೆ ನೋಡಿದ. "ಹುಚ್ಚ ಹಿಡದೈತೇನ ನಿನಗ? ತುಂಬಿದ ಉಡಿ ತಗೊಂಡು ಗುಡ್ಡ ಸುತ್ತತಾರೇನು? ಸೀದಾ ನಡಿ."

ಆಗ ಮೇಘಾಳ ಪಕ್ಕದಲ್ಲಿ ಕಣ್ಣು ಮುಚ್ಚಿ ಕೂತಿದ್ದ ಆಯಿ ಗದಿಗೆವ್ವ, ಅಂದರೆ ವೆಂಕಪ್ಪನ ತಾಯಿ, ಕಣ್ಣು ತೆರೆಯದೆಯೇ ಅಂದಳು: "ಲೇ ವೆಂಕ್ಯಾ, ನಾ ಗುಡ್ಡದ ಮಲ್ಲಯ್ಯಗ ಕೈ ಮುಗಿಯೂದೈತಿ. ಮುಂದಿನ ಶ್ರಾವಣಕ್ಕ ಇರತೇನೋ ಇಲ್ಲೋ."

"ಯವ್ವಾ, ಹ್ವಾದ ವರ್ಷಾನೂ ಹಿಂಗs ಅಂದಿದ್ದಿ."

"ಹ್ವಾದ ವರ್ಷ ನೀ ಕರಕೊಂಡ ಹೋಗಲಿಲ್ಲ. ಅದಕ್ಕs ಈ ವರ್ಷಾನೂ ಅದೇನಿ."

ಆನಂದ ನಕ್ಕು ಡಂಬಳದಲ್ಲಿ ಸ್ಟೇರಿಂಗು ತಿರುಗಿಸಿಯೇ ಬಿಟ್ಟ. ಆಯಿಯ ಒಣ ಬೆರಳು ಮೇಘಾಳ ಮೊಣಕೈಯನ್ನು ಒಮ್ಮೆ ಒತ್ತಿ ಸುಮ್ಮನಾಯಿತು. ಆಯಿಗೆ ಗೊತ್ತಾಗಿದೆ ಅಂತ ಮೇಘಾಳಿಗೆ ಗೊತ್ತಾಯಿತು. ಅವಳು ಬೆಳೆದದ್ದೇ ಆಯಿಯ ಕಂಬಳಿಯೊಳಗೆ, ಆಯಿಯ ಕಥೆಗಳೊಳಗೆ. ಒಬ್ಬರಿಗೊಬ್ಬರು ಮುಚ್ಚಿಡಲು ಜಾಗವೇ ಇರಲಿಲ್ಲ.

ಡೋಣಿ ದಾಟಿ ಏರು ಶುರುವಾಯಿತು. ಕೆಂಪು ಮಣ್ಣು, ಅದರ ಮೇಲೆ ಮೊನ್ನೆ ಮೊನ್ನೆ ಹುಟ್ಟಿದ ಎಳೆಹುಲ್ಲು, ಹುಲ್ಲಿನ ಮೇಲೆ ನೀರಿನ ಹನಿ. ರಸ್ತೆ ಒಮ್ಮೆ ಗುಡ್ಡದ ಎಡಗೈ ಹಿಡಿದು, ಒಮ್ಮೆ ಬಲಗೈ ಹಿಡಿದು ಏರುತ್ತಿತ್ತು. ಮಂಜು ಇಳಿದು ಬಂದು ಗಾಡಿಯ ಮುಂದೆ ದನದ ಹಾಗೆ ಅಡ್ಡ ನಿಲ್ಲುತ್ತಿತ್ತು. ಆನಂದ ಹಾರ್ನು ಹೊಡೆದರೆ ಸರಿಯುವುದೂ ಉಂಟು, ಸರಿಯದೆ ಇರುವುದೂ ಉಂಟು. ಮೇಲೆ ಕರೆಂಟು ಮಾಡುವ ಗಾಳಿ ಫ್ಯಾನುಗಳ ರೆಕ್ಕೆ ಮೋಡದೊಳಗಿಂದ ಒಂದೊಂದಾಗಿ ಹೊರಗೆ ಬಂದು, ಇಣುಕಿ, ಮತ್ತೆ ಒಳಗೆ ಹೋಗುತ್ತಿದ್ದವು. ಕಂಬ ಕಾಣುತ್ತಿರಲಿಲ್ಲ.

"ಆಯಿ, ಪಾಲಕಿ ಕಥಿ ಹೇಳು," ಎಂದಳು ಮೇಘಾ.

"ಈ ವಯಸ್ಸಿನಾಗ?"

"ಹೇಳು."

ಆಯಿ ಗಂಟಲು ಸರಿ ಮಾಡಿಕೊಂಡಳು. "ಒಂದ ಊರಾಗ ಒಬ್ಬಾಕಿ ನೇಕಾರ ಹುಡುಗಿ ಇದ್ಲಂತ. ಆಕಿನ್ನ ಏಳು ಕ್ವಾಟಿ ಆಚಿಗಿನ ರಾಜಾಗ ಕೊಟ್ರಂತ. ಪಾಲಕಿಯೊಳಗ ಕುಂಡ್ರಿಸಿ ಕಳಿಸಿದ್ರು. ಆಕಿಗೆ ಹೋಗೂ ಮನಸಿಲ್ಲ. ಹೊರೂ ಮಂದಿಗೆ ಹೇಳತಾಳ, ಅಣ್ಣಗೋಳ್ರ್ಯಾ, ಆ ಗುಡ್ಡದ ಹಿಂದ ಕ್ಯಾದಗಿ ಅರಳೈತಂತ, ಸುತ್ತ ಹಾಕ್ರಿ ಅಂತ. ಸುತ್ತ ಹಾಕಿದ್ರು. ಆ ಕೆರಿಯೊಳಗ ಬೆಳ್ಳಕ್ಕಿ ಬಂದಾವಂತ, ಬಳಸಿ ನಡೀರಿ ಅಂತ. ಬಳಸಿದ್ರು. ಹಿಂಗ ಸುತ್ತಿ ಸುತ್ತಿ, ಬಳಸಿ ಬಳಸಿ, ಹೊತ್ತವರ ಗಡ್ಡ ಬೆಳ್ಳಗಾತು..."

"ಕಡೀಕ ಏನಾತು?"

"ನನಗೇನ ಗೊತ್ತವಾ. ನಮ್ಮಾಯಿ ಹೇಳೂ ಮುಂದ ನನಗ ನಿದ್ದಿ ಬಂತು. ನಾ ಹೇಳೂ ಮುಂದ ನಿನಗ ನಿದ್ದಿ ಬರತಿತ್ತು. ಕಡೀತನಾ ಎಚ್ಚರ ಇದ್ದವರು ಯಾರೂ ಇಲ್ಲ."

"ಈಕಿ ಮದವಿ ಕಥಿ ಹೇಳ ಯವ್ವಾ, ಹಳೇ ಪುರಾಣ ಬಿಡು," ಎಂದ ವೆಂಕಪ್ಪ. ಅಷ್ಟರಲ್ಲಿ ಅವನ ಫೋನು ರಿಂಗಾಯಿತು. ಚೌಡವ್ವನ ದನಿ ಗಾಡಿಯ ತುಂಬ ಕೇಳಿತು: "ಎಲ್ಲಿದೀರಿ? ಮಂದಿ ಬಂದು ಕುಂತಾರ. ಬಾಜೂಮನಿ ಅಲ್ಮಾಸಬಿ ಮೇಘಿ ತಲಿಗೆ ಅಬ್ಬಲಿಗಿ ದಂಡಿ ಕಟಗೊಂಡ ಬಂದಾಳ..." ಆಮೇಲೆ ದನಿ ಹರಿದು ಹರಿದು ಬಂದು ನಿಂತೇ ಹೋಯಿತು. ಗುಡ್ಡದ ಮೇಲೆ ನೆಟ್‌ವರ್ಕ್ ಇಲ್ಲ.

ನೆತ್ತಿಯ ಹತ್ತಿರ ರಸ್ತೆ ಅಗಲವಾದ ಕಡೆ ಆನಂದ ಗಾಡಿ ನಿಲ್ಲಿಸಿದ. "ಇಳೀರಿ, ಇಳೀರಿ! ಸ್ವರ್ಗ ಐತಿ ಸ್ವರ್ಗ!"

ಅಪ್ಪ ಇಳಿದ. ಆಯಿ ಸೊಂಟ ಹಿಡಿದುಕೊಂಡು ಇಳಿದಳು. ಮೇಘಾಳ ಕೈಯೂ ಬಾಗಿಲಿಗೆ ಹೋಯಿತು.

"ನೀ ಎಲ್ಲಿ?" ಎಂದ ಅಪ್ಪ. "ಉಡಿ ಐತಿ. ಒಳಗ ಕುಂಡ್ರು. ಅಲ್ಲಿಂದs ನೋಡು."

ಬಾಗಿಲು ಮುಚ್ಚಿತು. ನಾಲ್ವರ ಉಸಿರಿನಿಂದ ಮಸುಕಾಗಿದ್ದ ಗಾಜಿನೊಳಗೆ ಮೇಘಾ ಒಬ್ಬಳೇ ಉಳಿದಳು. ಬೆರಳಿನಿಂದ ಒರೆಸಿ ಒಂದು ಬೊಟ್ಟಿನಷ್ಟು ಜಾಗ ಮಾಡಿ ನೋಡಿದಳು. ಆಯಿ ಮಲ್ಲಯ್ಯನ ಗುಡಿಯ ದಿಕ್ಕಿಗೆ ಕೈ ಮುಗಿದು, ಗಾಳಿಗೆ ಸೆರಗು ಬಿಟ್ಟು ನಿಂತಿದ್ದಳು. ಕಾಕಾ ಫೋನು ಎತ್ತಿ ತಿರುಗುತ್ತಿದ್ದ. ದೂರದಲ್ಲಿ ಮೋಡ ಹರಿದ ಕಡೆ ಹೊಲಗಳು ಕಂಡವು, ಅವುಗಳ ಆಚೆ ಹಮ್ಮಿಗಿಯ ದಿಕ್ಕಿಗೆ ಹೊಳೆಯ ನೀರು ಹೊಳೆದ ಹಾಗಾಯಿತು, ಖರೆಯೋ ಭ್ರಮೆಯೋ. ಅವಳು ಒರೆಸಿದ ಬೊಟ್ಟು ಮತ್ತೆ ಮಸುಕಾಯಿತು. ಮತ್ತೆ ಒರೆಸಿದಳು. ಮತ್ತೆ ಮಸುಕಾಯಿತು.

ಆಗ ಅವಳಿಗೆ ಹೊಳೆಯಿತು: ಪಾಲಕಿಯ ಹುಡುಗಿ ಇಷ್ಟೆಲ್ಲ ಗುಡ್ಡ, ಕೆರೆ, ಹೂವು ಸುತ್ತಿದಳಲ್ಲ, ಒಮ್ಮೆಯಾದರೂ ಇಳಿದದ್ದನ್ನು ಆಯಿ ಹೇಳಿದ್ದೇ ಇಲ್ಲ. ಚಿಕ್ಕಂದಿನಲ್ಲಿ ಅದು ಎಷ್ಟು ಚಂದದ ಕಥೆ ಅನ್ನಿಸುತ್ತಿತ್ತು, ಎಷ್ಟೆಲ್ಲ ನೋಡಿದಳಲ್ಲ ಅಂತ. ನೋಡಿದ್ದು ಪರದೆಯ ತೂತಿನಿಂದ. ತಾನು ಹಾದಿ ಉದ್ದ ಮಾಡಿಕೊಂಡದ್ದೂ ಹೀಗೆಯೇ. ಬೋರ್ಡಿನ ಹಿಂದೆ ಕೂರುವುದನ್ನು ಇವತ್ತೇ ಶುರು ಮಾಡಿದ ಹಾಗೆ. ಗಾಡಿಯೊಳಗೆ ಉಸಿರಿಗೆ ಜಾಗ ಸಾಲದು ಅನ್ನಿಸಿತು.

ಗಾಜು ಕಟಕಟ ಅಂದಿತು. ಅಪ್ಪ ಕಾಗದದಲ್ಲಿ ಸುತ್ತಿದ ಮಿರ್ಚಿ ಹಿಡಿದು ನಿಂತಿದ್ದ, ಮುಂಡರಗಿಯಲ್ಲಿ ಕಟ್ಟಿಸಿಕೊಂಡದ್ದು. ಗಾಜು ಇಳಿಸಿದಳು. ತಣ್ಣನೆ ಗಾಳಿ ಕೆನ್ನೆಗೆ ಬಡಿಯಿತು.

"ತಿನ್ನು. ಮುಂಜೇಲಿಂದ ಏನೂ ತಿಂದಿಲ್ಲ." ಹೋಗಲಿಲ್ಲ, ನಿಂತ. ಆಮೇಲೆ ಬೇರೆ ಎಲ್ಲೋ ನೋಡುತ್ತ ಅಂದ: "ನನ್ನ ಕಾಲ ಕುಣಿ ಮಗ್ಗದಾಗ ಹಣ್ಣಾದ್ವು ಮಗಳ. ಸಣ್ಣಾಂವ ಇದ್ದಾಗ ಆ ತಗ್ಗಿನೊಳಗ ಕಾಲ ಇಳಿಬಿಟ್ಟಾಂವ, ಇನ್ನೂ ತಗದಿಲ್ಲ. ನೀನೂ ಅದರಾಗs ಕುಂತಿ. ನಾ ಏನೂ ಅನ್ನಲಿಲ್ಲ ಖರೆ, ಮನಸಿನಾಗ ಹತ್ತಿ ಕುಂತಿತ್ತು. ಈಗ ನೀ ಮ್ಯಾಲಿನ ಮನಿಯೊಳಗ, ಬೆಚ್ಚಗ. ದೇವವ್ವಾರ ಕಂಡಿಕಿ ಹಾಕೂ ಮುಂದ ನಾ ನಿನ್ನ ಕೈ ನೋಡಿದೆ. ಎಳಕೋಲಿಲ್ಲ ನೀ. ಭಾಳ ಸಮಾಧಾನ ಆತವಾ."

ಹೇಳುವುದಿದ್ದರೆ ಈಗ ಹೇಳಬೇಕಿತ್ತು. ಮಿರ್ಚಿ ಬಾಯಲ್ಲೇ ಉಳಿಯಿತು. ಅಪ್ಪ ಆಗಲೇ ಮಂಜಿನೊಳಗೆ ಹೊರಟು ಹೋಗಿದ್ದ.

ಎಲ್ಲರೂ ಹತ್ತಿ ಕೂತಾಗ ಮೇಘಾಳ ಬಾಯಿಂದ ಬಂದ ಮಾತು ಮತ್ತೆ ಬೇರೆಯೇ. "ಕಾಕಾ, ಅಲ್ಲೊಂದು ಕಚ್ಚಾ ಹಾದಿ ಹೋಗೇತಲ್ಲ, ಅದು ಎಲ್ಲಿಗೆ?"

"ಸಾಕು!" ಎಂದ ವೆಂಕಪ್ಪ.

"ಫ್ಯಾನಿನ ಬುಡಕ್ಕ ಹೋಗತೈತಿ ಅಣ್ಣಾ. ಐದs ನಿಮಿಷ. ಬುಡದಾಗ ನಿಂತ ತಗದ್ರ ವಿಡಿಯೋ ಬೆಂಕಿ ಬರತೈತಿ."

"ನಿನ್ನ ವಿಡಿಯೋಕ್ಕ ಬೆಂಕಿ ಹತ್ತಲಿ!"

ಆದರೆ ಗಾಡಿ ಆಗಲೇ ಹೊಳ್ಳಿತ್ತು. ಕಚ್ಚಾ ಹಾದಿ ಒಂದು ಗಾಡಿಯಷ್ಟೇ ಅಗಲ. ಎರಡೂ ಕಡೆ ಮುಳ್ಳುಕಂಟಿ ಗಾಜನ್ನು ಕೆರೆಯುತ್ತಿತ್ತು. ಮಂಜು ಎಷ್ಟು ದಟ್ಟವಾಯಿತೆಂದರೆ ಬಾನೆಟ್ಟಿನ ತುದಿಯೂ ಕಾಣದಾಯಿತು. ಹೊಳ್ಳಿಸಲು ಜಾಗ ಇಲ್ಲ, ಹಿಂದೆ ಬರಲು ಹಿಂದೆ ಏನಿದೆ ಎಂದು ಕಾಣುವುದಿಲ್ಲ. ಅಷ್ಟರಲ್ಲಿ ಎಡಗಡೆಯ ಗಾಲಿ ಚಪ್ಪರಿಸಿದ ಸದ್ದು ಮಾಡುತ್ತ ಕೆಂಪು ರಾಡಿಯೊಳಗೆ ಇಳಿಯಿತು. ಆನಂದ ಆಕ್ಸಿಲೇಟರು ಒತ್ತಿದಷ್ಟೂ ಇಳಿಯಿತು.

ತಲೆಯ ಮೇಲೆ ಎಲ್ಲೋ, ಕಾಣದ ರೆಕ್ಕೆ ಭುಂಯ್ ಭುಂಯ್ ಅಂತ ತಿರುಗುತ್ತಿತ್ತು.

"ಸ್ವರ್ಗ ಅಂದೆಲ್ಲಾ," ಎಂದಳು ಆಯಿ. "ಬಂತ ನೋಡು."

ಗಂಡಸರಿಬ್ಬರೂ ಇಳಿದು ನೋಡಿದರು. ದೂಕಬೇಕು, ಬೇರೆ ದಾರಿ ಇಲ್ಲ. ಭಾರ ಕಡಿಮೆ ಆಗಲೆಂದು ಆಯಿಯೂ ಕೊಡೆ ಹಿಡಿದು ಇಳಿದಳು. ಆದರೆ ಇಬ್ಬರು ದೂಕಿದರೆ ಸ್ಟೇರಿಂಗು ಹಿಡಿಯುವವರು ಯಾರು?

"ಮೇಘಿ ಹಿಡೀಲಿ," ಎಂದ ಆನಂದ. "ಕಾಲೇಜ ಮೈದಾನದಾಗ ಕಲಿಸೇನಿ ಆಕಿಗೆ."

"ಆಕಿ ಇಳಿಯೂ ಹಂಗಿಲ್ಲಲೇ!"

"ಇಳಿಯೂದ ಯಾಕ, ಸೀಟಿನ ಮ್ಯಾಲಿಂದ ದಾಟಲಿ."

ಮೇಘಾ ಒಂದು ಕೈಯಲ್ಲಿ ಉಡಿ ಹಿಡಿದು, ಎರಡು ಸೀಟಿನ ನಡುವಿನ ಸಂದಿಯಲ್ಲಿ ತೂರಿದಳು. ಸೀರೆಯ ನೆರಿಗೆ ಗೇರಿಗೆ ಸಿಕ್ಕಿತು. ಒಂದು ಹಿಡಿ ಅಕ್ಕಿ ಚೆಲ್ಲಿತು.

"ಜ್ವಾಕಿ! ಉಡಿ ಜ್ವಾಕಿ!" ಎಂದು ಅಪ್ಪ ಹೊರಗಿನಿಂದ ಕೂಗಿದ.

ಬೇರೆ ದಿನವಾಗಿದ್ದರೆ, ಮಗಳ ಜ್ವಾಕಿ, ಅನ್ನುತ್ತಿದ್ದ. ಮೇಘಾ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬಾರದೆಂದುಕೊಂಡಳು, ಹಚ್ಚಿಕೊಂಡಳು.

ಹಿಂದಿನಿಂದ "ಹೂಂ... ಹೂಂ..." ಸದ್ದು ಬಂತು. ಕ್ಲಚ್ಚು ಬಿಟ್ಟಳು. ಗಾಡಿ ಒಮ್ಮೆ ನಡುಗಿತು, ಒಮ್ಮೆ ಜಾರಿತು, ಆಮೇಲೆ ಕಟ್ಟು ಹರಿದ ಕರುವಿನಂತೆ ಮುಂದೆ ನೆಗೆಯಿತು. ನಿಲ್ಲಿಸಬೇಕೆಂಬುದೇ ಮರೆತು ಹೋಗಿ ಮೇಘಾ ಮಂಜಿನೊಳಗೆ ನುಗ್ಗಿದಳು. ಕಡೆಗೆ ಎದುರಿಗೆ ಬೆಳ್ಳಗೆ, ಮನೆಯಷ್ಟು ದಪ್ಪನೆಯ ಕಂಬವೊಂದು ಎದ್ದು ನಿಂತಾಗ ಬ್ರೇಕು ತುಳಿದಳು. ಇಂಜಿನ್ನು ಕೆಮ್ಮಿ ನಿಂತಿತು.

ಕನ್ನಡಿಯಲ್ಲಿ ನೋಡಿದಳು. ಅಪ್ಪ ಇಲ್ಲ, ಕಾಕಾ ಇಲ್ಲ, ಆಯಿ ಇಲ್ಲ. ಹಿಂದೆ ಬರೀ ಬಿಳುಪು. ಮುಂದೆ ಕಂಬ. ಹಾದಿ ಮುಗಿದಿತ್ತು. ಇನ್ನು ಸುತ್ತಲು ಗುಡ್ಡ ಉಳಿದಿರಲಿಲ್ಲ. ಇಲ್ಲಿಂದ ಯಾವ ಕಡೆ ಹೋದರೂ ಅದು ಮಗ್ಗದ ಕಡೆಗೇ ಹೋಗುವುದು. ಉಡಿಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ಕಂಡಿಕಿ ಬೆರಳಿಗೆ ಸಿಕ್ಕಿತು. ನುಣ್ಣನೆಯ ರೇಷ್ಮೆ, ಒಳ್ಳೆಯ ನೂಲು.

ರಾಡಿಯಲ್ಲಿ ಪಚಪಚ ಹೆಜ್ಜೆ ಕೇಳಿದವು. ಅಪ್ಪ ಏದುಸಿರು ಬಿಡುತ್ತ ಬಂದು ಕಿಟಕಿಯ ಹತ್ತಿರ ನಿಂತ. ಮೊಣಕಾಲ ತನಕ ಕೆಂಪು. ಒಂದು ಕೈ ಬಾಗಿಲ ಮೇಲೆ ಊರಿ ಉಸಿರು ಹಿಡಿದ. "ಅಬ್ಬಾ... ಉಡಿ ಛಲೋ ಐತಿಲ್ಲೋ?"

"ಅಪ್ಪಾ," ಎಂದಳು ಮೇಘಾ, "ನಾ ಇದನ್ನ ಲಾಳಿಗೆ ಹಾಕೂದಿಲ್ಲ."

"ಏನು?"

"ಕಂಡಿಕಿ. ನಾ ನೇಯೂದಿಲ್ಲ."

ವೆಂಕಪ್ಪನ ಮುಖದ ಮೇಲೆ ಮೊದಲು ಬಂದದ್ದು ಸಿಟ್ಟಲ್ಲ, ಕಕ್ಕಾಬಿಕ್ಕಿ. "ನೀನs ಸೆರಗ ಒಡ್ಡಿದಿ."

"ಒಡ್ಡಿದೆ. ನೋಡಲಿಲ್ಲಪ್ಪ ನಾ. ಕಿಟಕಿ ನೋಡಾಕ ಹತ್ತಿದ್ದೆ."

"ಕಿಟಕಿ? ಎಲ್ಲಿತ್ತ ಕಿಟಕಿ? ಅಲ್ಲೆ ಬರೇ ಬೋರ್ಡಿನ ತಗಡ..." ಅವನು ಅಲ್ಲಿಗೇ ನಿಲ್ಲಿಸಿದ.

"ಅದನ್ನs ನೋಡಾಕ ಹತ್ತಿದ್ದೆ."

ರೆಕ್ಕೆ ಭುಂಯ್ ಅಂದಿತು. ಇನ್ನೊಂದು ರೆಕ್ಕೆ ಭುಂಯ್ ಅಂದಿತು.

"ಹುಡುಗ ಕೆಟ್ಟಾಂವೇನು?"

"ಅಲ್ಲಪ್ಪ, ಛಲೋ ಅದಾನ. ಎಸಿ ಹಾಕಸ್ತೇನಿ ಅಂದ."

"ಮತ್ತ? ಆ ತಗ್ಗಿನಾಗs ಕುಂತ ಸಾಯತೀಯೇನು?"

"ನೀ ತಗ್ಗಿನಾಗ ಕಾಲ ಇಳಿಬಿಟ್ಟಿ ಖರೆ. ಆದ್ರ ನಿನ್ನ ತಲಿ ಹೊರಗಿತ್ತು. ನಮ್ಮ ಮಗ್ಗ ಬಾಗಲಕ್ಕs ಐತಿ. ಹೋಗವ್ರ ಬರವ್ರ ಕೂಡ ದಿನಾ ಮಾತಾಡಿದಿ, ಜಗಳ ಆಡಿದಿ, ನಕ್ಕಿ. ನಾನೂ ಹಂಗs ಬೆಳದೇನಿ. ಅಲ್ಲೆ ನನ್ನ ತಲೀನೂ ಒಳಗs ಉಳೀತೈತಪ್ಪ."

ವೆಂಕಪ್ಪ ಕಾಲ ಕೆಳಗಿನ ರಾಡಿ ನೋಡಿದ. ಬಾಗಿಲ ಮೇಲಿನ ಕೈ ಹಾಗೆಯೇ ಇತ್ತು. "ನಿಮ್ಮವ್ವ ಮಂದಿ ಕರದಾಳ," ಎಂದ ಕಡೆಗೆ. "ಮನಿಗೆ ಹೋಗಿ ಮಾತಾಡೂಣು."

ಮನೆಗೆ ಹೋದ ಮೇಲೆ ಯಾರೂ ಮಾತಾಡುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಅಲ್ಲಿ ಆರತಿ ಇರುತ್ತದೆ, ಹಾಡು ಇರುತ್ತದೆ, ಹೆಂಗಸರು ಭುಜ ಹಿಡಿದು ಮಗ್ಗದ ಮುಂದೆ ಕೂಡಿಸುತ್ತಾರೆ. ಮೇಘಾ ಬಾಗಿಲ ಹಿಡಿಕೆ ಎಳೆದು ಒತ್ತಿದಳು. ಬಾಗಿಲು ಅಲುಗಿತು, ತೆರೆಯಲಿಲ್ಲ. ಅಪ್ಪ ಒತ್ತಿ ಹಿಡಿದಿರಲಿಲ್ಲ. ಕೈ ತೆಗೆದಿರಲೂ ಇಲ್ಲ.

"ಕೈ ತಗಿಯಪ್ಪಾ."

ಅವನು ಕೇಳದವನ ಹಾಗೆ ನಿಂತ. ಮೇಘಾಳ ಕೈಯೂ ಹಿಡಿಕೆಯ ಮೇಲೆಯೇ ಉಳಿಯಿತು. ನಡುವೆ ಒಂದು ತಗಡು. ಹೀಗೆ ಎಷ್ಟು ಹೊತ್ತು ಇರಬಹುದೋ, ಗಡ್ಡ ಬೆಳ್ಳಗಾಗುವ ತನಕವೋ ಅನ್ನಿಸಿತು ಅವಳಿಗೆ. ನೋಡಿದರೆ ಅಪ್ಪನ ಗಡ್ಡ ಈಗಲೇ ಬೆಳ್ಳಗಿತ್ತು. ಯಾವಾಗ ಆಯಿತೋ.

ಮಂಜಿನೊಳಗಿಂದ ಆಯಿಯ ದನಿ ಮೊದಲು ಬಂತು, ಕೊಡೆ ಆಮೇಲೆ. "ಲೇ ವೆಂಕ್ಯಾ! ಪಾಲಕಿ ಹಿಡಕೊಂಡ ಎಷ್ಟೊತ್ತ ನಿಂದರತೀಯೋ? ನನ್ನ ಕಾಲ ಜೋಮ ಹಿಡದ್ವು!"

ವೆಂಕಪ್ಪ ತಾಯಿಯ ಕಡೆ ನೋಡಿದ, ತನ್ನ ಕೈ ನೋಡಿಕೊಂಡ. ಕೈ ಬಾಗಿಲಿನಿಂದ ಜಾರಿತು. ತಗಡಿನ ಮೇಲೆ ಐದು ಬೆರಳಿನ ಕೆಂಪು ಗುರುತು ಉಳಿಯಿತು.

ಮೇಘಾ ಬಾಗಿಲು ತೆರೆದು ಕಾಲು ಕೆಳಗಿಟ್ಟಳು. ರಾಡಿ ಎಷ್ಟು ತಣ್ಣಗಿತ್ತೆಂದರೆ ಮೈಯೆಲ್ಲ ಜುಮ್ಮೆಂದಿತು. ಇನ್ನೊಂದು ಕಾಲೂ ಇಟ್ಟಳು. ಉಡಿ ಹಿಡಿದುಕೊಂಡೇ, ಕಂಬದ ಬುಡದ ತನಕ ನಡೆದು ಹೋಗಿ ನಿಂತಳು. ಅಲ್ಲಿಂದ ಏನೂ ಕಾಣುತ್ತಿರಲಿಲ್ಲ, ಬರೀ ಮಂಜು. ಆದರೂ ನೋಡಿದಳು. ಯಾವುದನ್ನೂ ಒರೆಸಬೇಕಾಗಿರಲಿಲ್ಲ.

ಹಿಂದಿನಿಂದ ಓಡಿ ಬಂದ ಆನಂದ ಅವಳ ಕಾಲು ನೋಡಿ ಬಾಯಿ ಮುಚ್ಚಿಕೊಂಡ. ಅಪ್ಪ ಗಾಡಿಯ ಹಿಂಭಾಗ ತೋರಿಸಿ ಅಂದ: "ಚಪ್ಪಲಿ ಡಿಕ್ಕಿಯೊಳಗ ಅದಾವ. ಹಾಕ್ಕೋ. ಇಲ್ಲೆ ಮುಳ್ಳ ಭಾಳ."

ಆಯಿ ಹತ್ತಿರ ಬಂದು ಉಡಿಯೊಳಗೆ ಇಣುಕಿದಳು. "ಅಲ್ಲಾ, ನೆಲಕ್ಕ ಕಾಲ ತಾಗಿತಲ್ಲ. ಇನ್ನ ಬೆಲ್ಲ ತಿನ್ನಾಕ ಏನ ಅಡ್ಡಿಲ್ಲಲ?" ಉತ್ತರಕ್ಕೆ ಕಾಯದೆ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡಳು. ಇನ್ನೊಂದು ಚೂರನ್ನು ಮಗನ ಕೈಗೆ ಒತ್ತಿದಳು. ಅವನು ತಿನ್ನಲಿಲ್ಲ, ಬಿಸಾಡಲೂ ಇಲ್ಲ. ಹಿಡಿದುಕೊಂಡೇ ನಿಂತ.

"ಕಂಡಿಕಿ ನೀನs ಒಯ್ದ ಕೊಡಬೇಕು," ಎಂದ. "ಇವತ್ತs. ನಾ ಮ್ಯಾಲ ಬರೂದಿಲ್ಲ. ನನ್ನ ಮಾರಿ ತೋರಸಾಕ ಆಗೂದಿಲ್ಲ ಅವರಿಗೆ."

"ನಾನs ಹತ್ತತೇನಿ," ಎಂದಳು. ಹೇಳುವಾಗಲೇ ಎಲ್ಲ ಕಣ್ಣ ಮುಂದೆ ಬಂತು. ಆ ಕತ್ತಲೆಯ ಮೆಟ್ಟಿಲು, ಗಂಜಿ ಹಾಕಿದ ಸೀರೆಗಳ ವಾಸನೆ, ದೇವವ್ವನ ಕಣ್ಣು. ಇಳಿದರೆ ಎಲ್ಲ ಮುಗಿಯುತ್ತದೆ ಎಂದುಕೊಂಡಿದ್ದಳು, ಈಗ ಹತ್ತಬೇಕು.

ಕಂಬದ ಸುತ್ತ ಗಾಡಿ ಹೊಳ್ಳಿಸಲು ಜಾಗವಿತ್ತು. ರಾಡಿಯ ತಗ್ಗಿಗೆ ಆನಂದ ಕಲ್ಲು ಹಾಕಿ ಗಾಡಿ ದಾಟಿಸಿದ. ಇಳಿಯುವಾಗ ಆನಂದ ಒಂದೂ ವಿಡಿಯೋ ತೆಗೆಯಲಿಲ್ಲ. ಡೋಣಿಯ ಹತ್ತಿರ ಫೋನಿಗೆ ಜೀವ ಬಂತು, ಬಂದ ಕೂಡಲೇ ರಿಂಗಾಯಿತು.

"ಎಲ್ಲಿದೀರಿ?" ಎಂದಳು ಚೌಡವ್ವ. ಹಿಂದೆ ಹೆಂಗಸರ ನಗು ಕೇಳುತ್ತಿತ್ತು.

"ಹಾದಿ ಮ್ಯಾಲ ಅದೀವಿ," ಎಂದ ವೆಂಕಪ್ಪ. ಆಮೇಲೆ, "ಆರತಿ ತಾಟ ಒಳಗಿಡು. ಬಂದವರಿಗೆ ಉಪ್ಪಿಟ್ಟ ಕೊಟ್ಟ ಕಳಸು. ಏನೂ ಆಗಿಲ್ಲ. ಎಲ್ಲಾರೂ ಛಲೋ ಅದೀವಿ. ಬಂದ ಮ್ಯಾಲ ಹೇಳತೇನಿ." ಫೋನು ಇಟ್ಟವನು ಕೈಯಲ್ಲಿದ್ದ ಬೆಲ್ಲವನ್ನು ಗಮನಿಸಿ, ಏನು ಮಾಡಲೂ ತಿಳಿಯದೆ ಬಾಯಿಗೆ ಹಾಕಿಕೊಂಡ.

ಡಂಬಳದ ಕೂಡು ರಸ್ತೆ ಬಂತು. ಎಡಕ್ಕೆ ಗದಗ, ಬಲಕ್ಕೆ ಮುಂಡರಗಿ. ಆನಂದ ಗಾಡಿ ನಿಧಾನ ಮಾಡಿ ಕನ್ನಡಿಯಲ್ಲಿ ಮೇಘಾಳನ್ನು ನೋಡಿದ. "ಹಮ್ಮಿಗಿ ಹೊಳಿ ಕಡೆಯಿಂದನೂ ಒಂದ ಹಾದಿ ಐತವಾ. ಸುತ್ತ ಆಗತೈತಿ. ಸ್ವಲ್ಪ ಹೊತ್ತ ಸಿಗತೈತಿ ನಿನಗ..."

"ಬ್ಯಾಡ ಕಾಕಾ. ಸೀದಾ ನಡಿ."

ಆಯಿ ಅವಳ ಭುಜಕ್ಕೆ ಒರಗಿ ನಿದ್ದೆ ಹೋದಳು. ಬೇವಿನ ಮರ ಬಂತು, ಪಂಚರ್ ಅಂಗಡಿ ಬಂತು, ಬಸ್‌ಸ್ಟ್ಯಾಂಡು ಬಂತು. ಸೀರೆ ಅಂಗಡಿಯ ಬೋರ್ಡು ಈ ಸಲ ಮುಂದಿನಿಂದ ಕಂಡಿತು. ದೊಡ್ಡದು, ಕೆಂಪು ಬಣ್ಣದ್ದು, ಜರಿ ಸೀರೆ ಉಟ್ಟ ಹುಡುಗಿಯೊಬ್ಬಳು ಅದರ ತುಂಬ ನಗುತ್ತಿದ್ದಳು. ಅದರ ಹಿಂದೆ ಒಂದು ಕಿಟಕಿ ಇದೆಯೆಂದು ಕೆಳಗೆ ನಿಂತವರಿಗೆ ಗೊತ್ತಾಗುವ ಹಾಗೆಯೇ ಇರಲಿಲ್ಲ.

ಮ್ಯಾಲ ಬರೂದಿಲ್ಲ ಅಂದಿದ್ದ ಅಪ್ಪ ಗಾಡಿಯಿಂದ ಇಳಿದು ಮೊದಲ ಮೆಟ್ಟಿಲ ತನಕ ಬಂದು ನಿಂತ. ಮೇಘಾ ಅವನ ಪಕ್ಕದಲ್ಲಿ ಚಪ್ಪಲಿ ಬಿಟ್ಟು, ಕಂಡಿಕಿಯನ್ನು ಬಲಗೈಯಲ್ಲಿ ಹಿಡಿದು, ಹತ್ತತೊಡಗಿದಳು.